ಬರಿಗೈಯಲ್ಲಿ ಬಂದರೇನಂತೆ?

ಹೆಂಗಸರಿಗೂ ಒಂದು ಹವ್ಯಾಸವಿರಬೇಕು ಎಂದು ಭಾಷಣ ಮಾಡುವವರೇ, ಆ ಹವ್ಯಾಸದಿಂದ ಮನೆಗೇನು ಬಂತು ಎಂದು ಲೆಕ್ಕ ಕೇಳುತ್ತಾರೆ. ಹೊಲಿಗೆ ಕಲಿತರೆ ದರ್ಜಿಯ ಖರ್ಚು ಉಳಿಯಬೇಕು. ಸಂಗೀತ ಕಲಿತರೆ ಗೌರಿಹಬ್ಬಕ್ಕೆ ಹಾಡಬೇಕು. ವಾಕಿಂಗ್ ಹೋದರೆ ಸಕ್ಕರೆ ಕಾಯಿಲೆ ಇಳಿಯಬೇಕು. ಗಂಡಸರು ಇಡೀ ಭಾನುವಾರ ಕ್ರಿಕೆಟ್ ನೋಡಿದರೆ ಮಾತ್ರ ಯಾರೂ ಲೆಕ್ಕ ಕೇಳುವುದಿಲ್ಲ!

ಈ ಲೆಕ್ಕದ ಬುದ್ಧಿಗೆ ಎದುರಾಗಿ ನಾನು ಎತ್ತಿಹಿಡಿಯುವುದು ಟ್ರೌಟ್ ಮೀನಿನ ಗಾಳವನ್ನು. ನಗಬೇಡಿ.

ಟ್ರೌಟ್ ತಣ್ಣೀರಿನ ಮೀನು. ನಮ್ಮ ಬಯಲುಸೀಮೆಯ ಹೊಳೆಗಳಲ್ಲಿ ಬಾಳದು. ಬ್ರಿಟಿಷರು ಸುಮಾರು 1900ರಲ್ಲಿ ಅದನ್ನು ಕಾಶ್ಮೀರಕ್ಕೆ ತಂದರು. ಆಮೇಲೆ ಅದು ಹಿಮಾಚಲದ ಹೊಳೆಗಳಿಗೂ ಬಂತು. ಅದನ್ನು ಹಿಡಿಯುವ ಒಂದು ವಿಧಾನಕ್ಕೆ ಫ್ಲೈ ಫಿಶಿಂಗ್ ಎನ್ನುತ್ತಾರೆ. ಎರೆಹುಳು ಬೇಡ, ಹಿಟ್ಟಿನುಂಡೆ ಬೇಡ. ಕೊಕ್ಕೆಗೆ ಗರಿ, ನೂಲು ಸುತ್ತಿ ನೊಣದ ರೂಪ ಕೊಟ್ಟಿರುತ್ತಾರೆ. ಅದಕ್ಕೆ ಭಾರವೇ ಇಲ್ಲವೆನ್ನಬೇಕು. ಭಾರವೆಲ್ಲ ಗಾಳದ ದಾರದಲ್ಲಿ. ಆ ದಾರವನ್ನು ಕೋಲಿನಿಂದ ಹಿಂದಕ್ಕೂ ಮುಂದಕ್ಕೂ ಬೀಸಿ, ನೊಣ ತಾನಾಗಿ ಬಂದು ಕೂತಂತೆ ನೀರಮೇಲೆ ಇಳಿಸಬೇಕು. ತೋಳ್ಬಲಕ್ಕಿಂತ ಹದ ಮುಖ್ಯ. ರೊಟ್ಟಿ ತಟ್ಟುವ ಕೈಗೆ, ರಂಗೋಲಿ ಎಳೆಯುವ ಬೆರಳಿಗೆ ಹದವೆಂದರೇನೆಂದು ಹೇಳಿಕೊಡಬೇಕೇ?

ಒಂದು ಬೇಸಿಗೆ ರಜೆಯಲ್ಲಿ ಮೀನುಗಾರಿಕೆ ಇಲಾಖೆಯ ಪರವಾನಗಿ ಪಡೆದು, ಹಿಮಾಚಲದ ತೀರ್ಥನ್ ಹೊಳೆಯ ದಂಡೆಯಲ್ಲಿ ಮೂರು ಗಂಟೆ ನಿಂತೆ. ಟ್ರೌಟ್ ಹರಿವಿಗೆ ಮುಖಮಾಡಿ, ನೀರು ಹೊತ್ತು ತರುವ ಹುಳುವಿಗಾಗಿ ಕಾಯುತ್ತದೆ. ನಮ್ಮ ನೆರಳು ಬಿದ್ದರೆ ಸಾಕು, ಮಾಯ! ಹಾಗಾಗಿ ನೀರು ಎಲ್ಲಿ ಸುಳಿಯುತ್ತದೆ, ಯಾವ ಹುಳು ಹಾರುತ್ತಿದೆ ಎಂದು ಕಣ್ಣಿಟ್ಟು ನೋಡುತ್ತಲೇ ಇರಬೇಕು. ಹಾಲಿನವನ ಲೆಕ್ಕ, ಉತ್ತರಪತ್ರಿಕೆಗಳ ಕಟ್ಟು, ಮಗಳ ಮದುವೆಯ ಚಿಂತೆ ಯಾವುದೂ ಅಷ್ಟು ಹೊತ್ತು ನನ್ನ ಬಳಿ ಸುಳಿಯಲಿಲ್ಲ. ಮೂವತ್ತು ವರ್ಷ ಕುಕ್ಕರಿನ ಸೀಟಿ ಎಣಿಸಿದ ಕಿವಿಗೆ ನೀರಿನ ಸದ್ದೊಂದೇ ಕೇಳುತ್ತಿತ್ತು. ಮೀನು ಒಂದೂ ಸಿಗಲಿಲ್ಲ. "ಅಷ್ಟು ದೂರ ಹೋಗಿ ಬರಿಗೈಯಲ್ಲಿ ಬಂದಿರಾ ಮೇಡಂ?" ಎಂದರು ಸ್ಟಾಫ್ ರೂಮಿನಲ್ಲಿ. ಆ ನೆಮ್ಮದಿಯನ್ನು ಯಾವ ತಕ್ಕಡಿಯಲ್ಲಿ ತೂಗಿ ತೋರಿಸಲಿ?

ಇದು ಗಂಡಸರ ಆಟವೆಂಬ ಮಾತೂ ನಿಲ್ಲುವುದಿಲ್ಲ. ಈ ಗರಿಯ ನೊಣಗಳ ಬಗ್ಗೆಯೇ ಅಮೆರಿಕದ ಮೇರಿ ಆರ್ವಿಸ್ ಮಾರ್ಬರಿ 1892ರಲ್ಲಿ ದೊಡ್ಡ ಪುಸ್ತಕ ಬರೆದರು. ಅಲ್ಲಿನ ಮೇನ್ ರಾಜ್ಯದಲ್ಲಿ 1897ರಲ್ಲಿ ಬೇಟೆ, ಮೀನುಗಾರಿಕೆಯ ಮಾರ್ಗದರ್ಶಕರ ಮೊದಲ ಪರವಾನಗಿ ದೊರೆತದ್ದು ಕಾರ್ನೀಲಿಯಾ ಕ್ರಾಸ್ಬಿ ಎಂಬ ಮಹಿಳೆಗೆ. 1996ರಲ್ಲಿ ಆರಂಭವಾದ 'ಕಾಸ್ಟಿಂಗ್ ಫಾರ್ ರಿಕವರಿ' ಸಂಸ್ಥೆ ಸ್ತನ ಕ್ಯಾನ್ಸರ್ ಕಂಡ ಹೆಂಗಸರಿಗೆ ಉಚಿತವಾಗಿ ಈ ವಿದ್ಯೆ ಕಲಿಸುತ್ತದೆ. ಬೀಸುವ ಚಲನೆ ಅವರ ತೋಳು, ಭುಜಗಳಿಗೆ ಹಗುರವಾದ ವ್ಯಾಯಾಮ; ಜೊತೆಗೆ ಹೊಳೆಯ ಸಾಂತ್ವನ.

ಮೀನಿಗೆ ಹಿಂಸೆಯಲ್ಲವೇ? ನ್ಯಾಯವಾದ ಪ್ರಶ್ನೆ. ಕೊಕ್ಕೆಯ ಹಿಮ್ಮುಳ್ಳು ತೆಗೆದು, ಸಿಕ್ಕ ಮೀನನ್ನು ಒದ್ದೆ ಕೈಯಲ್ಲಿ ಹಿಡಿದು ನೀರಿಗೇ ಬಿಡುವವರಿದ್ದಾರೆ. ಅದಕ್ಕೂ ಮನಸ್ಸೊಪ್ಪದವರು ಗಾಳ ಬಿಟ್ಟು ಹಕ್ಕಿ ನೋಡಲಿ. ಆದರೆ ಆ ಹೊಳೆಯ ದಂಡೆಯ ಹೊತ್ತನ್ನು ಮಾತ್ರ ಬಿಟ್ಟುಕೊಡಬಾರದು.

ಏನಾದರೂ ತಂದರಷ್ಟೇ ತಮ್ಮ ಹೊತ್ತಿಗೆ ಬೆಲೆ ಎಂದು ನಾವು ನಮ್ಮ ಹೆಣ್ಣುಮಕ್ಕಳಿಗೆ ಕಲಿಸುತ್ತಾ ಬಂದಿದ್ದೇವೆ. ಆ ಪಾಠ ಇನ್ನು ಸಾಕು. ವಾರಕ್ಕೊಂದು ಗಂಟೆಯಾದರೂ ನಿಮ್ಮದೇ ಆಗಿರಲಿ. ಗಂಡ ಕೇಳಲಿ, ಅತ್ತೆ ಕೇಳಲಿ, ಅದರ ಲೆಕ್ಕ ಮಾತ್ರ ಒಪ್ಪಿಸಬೇಡಿ.