ಹಿರಿಯ ಹಿಮ್ಮೇಳದವರೇ, ತಾಳ ಕೆಳಗಿಡಬೇಡಿ

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಹಿರಿಯ ಯಕ್ಷಗಾನ ಭಾಗವತರು, ಮದ್ದಲೆ–ಚಂಡೆ ವಾದಕರು ಹಾಗೂ ಅವರ ಮನೆಮಂದಿಯಲ್ಲಿ ಕಳಕಳಿಯ ವಿನಂತಿ



ರಾತ್ರಿ ಒಂಬತ್ತಕ್ಕೆ ಕೂತರೆ ಬೆಳಗಿನ ಮಂಗಳದವರೆಗೆ ಪದ ಹೇಳಿದವರು ನೀವು. ಈಗ ಸಂಜೆ ಶುರುವಾದ ಆಟ ಊಟದ ಹೊತ್ತಿಗೆ ಮುಗಿಯುತ್ತದೆ. ಸಭಾಲಕ್ಷಣಕ್ಕೆ ಸಮಯವಿಲ್ಲ, ಬಾಲಗೋಪಾಲರು ಬರುವುದಿಲ್ಲ, ಒಡ್ಡೋಲಗ ಅರ್ಧಕ್ಕೇ ಮೊಟಕು. ಎದುರಿಗೆ ಕುರ್ಚಿ ಖಾಲಿಯಿದ್ದರೂ ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಯಾರೋ ಮೊಬೈಲಿನಲ್ಲಿ ಆಟ ನೋಡುತ್ತಿರುತ್ತಾರೆ. ಇದನ್ನೆಲ್ಲ ಕಂಡು "ನಮ್ಮ ಕಾಲ ಮುಗಿಯಿತು" ಎಂದು ಮನೆಯಲ್ಲಿ ಕೂತವರು ನಮ್ಮಲ್ಲಿ ಅನೇಕರಿದ್ದಾರೆ. ಆ ಮಾತನ್ನು ನಾವು ಒಪ್ಪುವುದಿಲ್ಲ. ಮೊಟಕಾಗಿ ಬಿಟ್ಟುಹೋದದ್ದೆಲ್ಲ ಇವತ್ತು ಉಳಿದಿರುವುದು ನಿಮ್ಮ ಕಂಠದಲ್ಲಿ, ನಿಮ್ಮ ಬೆರಳಲ್ಲಿ.

ಯಂತ್ರ ಬಂದದ್ದು ಇದೇ ಮೊದಲೇನಲ್ಲ. ಎಂಬತ್ತರ ದಶಕದಲ್ಲಿ ಕ್ಯಾಸೆಟ್ ಬಂತು. ಭಾಗವತ ಕಾಳಿಂಗ ನಾವಡರು 1990ರಲ್ಲಿ ಅಪಘಾತದಲ್ಲಿ ತೀರಿಕೊಂಡರು; ಅವರನ್ನು ಕಣ್ಣಾರೆ ಕಾಣದ ಹುಡುಗರೂ ಇವತ್ತು ಅವರ ಪದ ಗುನುಗುತ್ತಾರೆ. ಆದರೆ ಆ ಕಾಲದ ಕ್ಯಾಸೆಟ್ ವ್ಯಾಪಾರದಲ್ಲಿ ಹಿಮ್ಮೇಳದವರ ಕೈಗೆ ಬಂದದ್ದೆಷ್ಟು ಎಂಬುದು ನಿಮಗೇ ಗೊತ್ತು. ಯೂಟ್ಯೂಬ್ ಕಾಲದಲ್ಲೂ ಅದೇ ಆಗಬಾರದು. ಈ ಕರಪತ್ರ ಹೊರಡಿಸಿದ್ದೇ ಅದಕ್ಕೆ.

ಕಾನೂನು ನಿಮ್ಮ ಪರವಾಗಿದೆ. 1957ರ ಕೃತಿಸ್ವಾಮ್ಯ ಕಾಯ್ದೆಗೆ 1994ರಲ್ಲಿ ಪ್ರದರ್ಶಕರ ಹಕ್ಕನ್ನು ಸೇರಿಸಲಾಯಿತು. 2012ರ ತಿದ್ದುಪಡಿ ಅದನ್ನು ಇನ್ನಷ್ಟು ಗಟ್ಟಿ ಮಾಡಿತು. ಹಾಡುವವರು, ನುಡಿಸುವವರು, ಕುಣಿಯುವವರೆಲ್ಲ ಅದರೊಳಗೆ ಬರುತ್ತಾರೆ. ಉಪನ್ಯಾಸ ಮಾಡುವವರೂ ಬರುವುದರಿಂದ ತಾಳಮದ್ದಲೆಯ ಅರ್ಥಧಾರಿಗಳೂ ಹೊರಗುಳಿಯುವುದಿಲ್ಲ. ಶಿರಸಿಯ ಬೇಡರ ವೇಷಕ್ಕೆ ತಮಟೆ ಬಾರಿಸುವವರಿಗೂ, ಯಲ್ಲಾಪುರದ ಕಾಡಂಚಿನ ಸಿದ್ದಿ ಸಮುದಾಯದ ಡಮಾಮಿ ವಾದಕರಿಗೂ ಇದೇ ಕಾನೂನು. ನಿಮ್ಮ ಒಪ್ಪಿಗೆ ಇಲ್ಲದೆ ನಿಮ್ಮ ಪ್ರದರ್ಶನವನ್ನು ಧ್ವನಿಮುದ್ರಿಸಿ ಪ್ರಸಾರ ಮಾಡುವಂತಿಲ್ಲ. ಅದನ್ನು ವ್ಯಾಪಾರಕ್ಕೆ ಬಳಸಿದರೆ ರಾಯಧನ ಕೇಳುವ ಹಕ್ಕು ನಿಮ್ಮದು. ನಿಮ್ಮ ಹೆಸರು ಹಾಕಿ ಎನ್ನುವ ಹಕ್ಕೂ ನಿಮ್ಮದೇ. ಪ್ರದರ್ಶನ ನಡೆದ ಮರುವರ್ಷದಿಂದ 50 ವರ್ಷ ಈ ರಕ್ಷಣೆ ಇದೆ. ಸ್ವಂತಕ್ಕೆ ಕೇಳಲೆಂದು ರೆಕಾರ್ಡ್ ಮಾಡಿಕೊಳ್ಳುವ ಅಭಿಮಾನಿಯ ಜತೆ ಜಗಳ ಬೇಡ. ಆತನೇ ನಮ್ಮ ಆಸ್ತಿ. ಆದರೆ ಮುಂದಿನ ಕಾರ್ಯಕ್ರಮಕ್ಕೆ ವೀಳ್ಯ ಹಿಡಿಯುವ ಮೊದಲು ಕೇಳಿ: ನೇರಪ್ರಸಾರ ಇದೆಯೇ? ಯಾರ ಚಾನೆಲ್? ಮದ್ದಲೆಯವರ, ಚಂಡೆಯವರ ಹೆಸರು ಬರುತ್ತದೆಯೇ? ನಮ್ಮ ಪಾಲೇನು? ಉತ್ತರವನ್ನು ಒಂದು ಹಾಳೆಯಲ್ಲಿ ಬರೆಸಿ ರುಜು ಹಾಕಿಸಿಕೊಳ್ಳಿ. ಕೇಳಲು ಸಂಕೋಚ ಪಟ್ಟುಕೊಳ್ಳಬೇಡಿ.

ನಿಮ್ಮದೇ ಧ್ವನಿಮುದ್ರಣವನ್ನೂ ಮಾಡಿಡಿ. ಸ್ಟುಡಿಯೊ ಬೇಕಿಲ್ಲ, ಮೊಮ್ಮಗನ ಫೋನ್ ಸಾಕು. ಕರೆ ಬಾರದಂತೆ ಏರೋಪ್ಲೇನ್ ಮೋಡಿಗೆ ಹಾಕಿಸಿ. ಫೋನನ್ನು ಭಾಗವತರ ಎದುರು ಒಂದು ಮೊಳ ದೂರದಲ್ಲಿಡಿ. ಚಂಡೆಯನ್ನು ಜಗುಲಿಯ ಆ ತುದಿಗೆ ಕಳಿಸಿ, ಇಲ್ಲದಿದ್ದರೆ ಸಾಹಿತ್ಯವೇ ಕೇಳುವುದಿಲ್ಲ. ಮಳೆ ಹಂಚಿನ ಮೇಲೆ ಸುರಿಯುವಾಗ ಬೇಡ, ಹೊಳವಾದಾಗ ಕೂತುಕೊಳ್ಳಿ. ಮೊದಲು ನಿಮ್ಮ ಹೆಸರು, ಊರು, ಗುರುಗಳ ಹೆಸರು, ತಾರೀಖು, ರಾಗ, ತಾಳ ಹೇಳಿ. ಆಮೇಲೆ ಪದ. ಏಕ, ಅಷ್ಟ, ಝಂಪೆ, ತ್ರಿವುಡೆ ಒಂದೊಂದರ ನಡೆ, ಬಿಡ್ತಿಗೆ, ಮುಕ್ತಾಯಗಳನ್ನು ನಿಧಾನವಾಗಿ ಬಿಡಿಸಿ ನುಡಿಸಿ. ಶ್ರುತಿ ಇಳಿದಿದೆಯೆಂಬ ಅಳುಕು ಬೇಡ. ಕಪ್ಪು ಎರಡಕ್ಕೆ ಹೇಳುತ್ತಿದ್ದವರು ಬಿಳಿ ಒಂದಕ್ಕೆ ಹೇಳಿದರೆ ರಾಗವೇನೂ ಕೆಡುವುದಿಲ್ಲ. ಶಿರಸಿ ಸೀಮೆಯ ನೆಬ್ಬೂರು ನಾರಾಯಣ ಭಾಗವತರನ್ನು ಕೇಳಲು ಜನ ಬಂದದ್ದು ಅಬ್ಬರಕ್ಕಲ್ಲ, ಪದದ ಭಾವಕ್ಕೆ.

ಒಬ್ಬೊಬ್ಬರೇ ಚಾನೆಲ್ ತೆರೆಯಿರಿ ಎಂದು ನಾವು ಹೇಳುವುದಿಲ್ಲ. ಜಾಹೀರಾತಿನ ಹಣ ಬರಬೇಕೆಂದರೆ ಯೂಟ್ಯೂಬಿನಲ್ಲಿ 1,000 ಚಂದಾದಾರರು, ವರ್ಷದಲ್ಲಿ 4,000 ಗಂಟೆಯ ವೀಕ್ಷಣೆ ಬೇಕು. ಅದು ಒಬ್ಬರಿಂದಾಗುವ ಕೆಲಸವಲ್ಲ. ಬಂದರೂ ದೊಡ್ಡ ಮೊತ್ತವಲ್ಲ. ಮೂರೂ ತಾಲೂಕಿನ ಹಿಮ್ಮೇಳದವರು ಸೇರಿ ಒಂದೇ ಚಾನೆಲ್ ಮಾಡಿ, ಖಾತೆಯನ್ನು ಜಂಟಿಯಾಗಿಡಿ. ಹೆಚ್ಚು ಆದಾಯ ಪಾಠದಲ್ಲಿದೆ. ಹೊಸ್ತೋಟ ಮಂಜುನಾಥ ಭಾಗವತರು ಊರೂರು ತಿರುಗಿ ಕಲಿಸಿದರು, ಶಿವಮೊಗ್ಗದಲ್ಲಿ ಅಂಧ ವಿದ್ಯಾರ್ಥಿಗಳಿಗೂ ಯಕ್ಷಗಾನ ಕಲಿಸಿದರು. 2020ರಲ್ಲಿ ಅವರು ಹೋದ ಮೇಲೂ ಶಿಷ್ಯರ ಸಾಲು ಮುಂದುವರಿದಿದೆ. ಈಗ ಊರೂರು ತಿರುಗುವ ಶಕ್ತಿ ನಿಮಗಿಲ್ಲದಿದ್ದರೂ ವಿಡಿಯೊ ಕರೆಯಲ್ಲಿ ಬೆಂಗಳೂರಿನ ಹುಡುಗಿಗೆ ತಾಳ ಹೇಳಿಕೊಡಬಹುದು. ದಕ್ಷಿಣೆ ಎಷ್ಟೆಂದು ಮೊದಲೇ ಹೇಳಿಬಿಡಿ. ಮಳೆಗಾಲದ ತಾಳಮದ್ದಲೆಯನ್ನಂತೂ ಬಿಡಲೇಬೇಡಿ. ಕೂತು ಹೇಳುವ, ವಿಸ್ತಾರಕ್ಕೆ ಅವಕಾಶವಿರುವ ಆ ಕೂಟಕ್ಕೆ ನಿಮ್ಮ ವಯಸ್ಸು ಒಂದು ಗುಣವೇ.

58 ದಾಟಿದ, ಕಷ್ಟದಲ್ಲಿರುವ ಕಲಾವಿದರಿಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಮಾಸಾಶನವಿದೆ. ವಿಚಾರಣೆಗೆ ಇಲಾಖೆಯ ಕಾರವಾರ ಕಚೇರಿ ಇದೆ. ಹಳೆಯ ಕರಪತ್ರ, ಸನ್ಮಾನ ಪತ್ರ, ಫೋಟೊಗಳನ್ನು ಅಟ್ಟದಿಂದ ಇಳಿಸಿ ಜೋಡಿಸಿಡಿ. ಅರ್ಜಿಗೆ ಅವೇ ಸಾಕ್ಷಿ.

ಸಂಘಟಕರಿಗೆ ಒಂದು ಮಾತು: ಕಾಲಮಿತಿ ಇರಲಿ, ವರ್ಷಕ್ಕೊಂದು ಸಂಜೆಯನ್ನಾದರೂ ಪೂರ್ವರಂಗಕ್ಕೆಂದೇ ಹಿರಿಯರ ಕೈಗೆ ಬಿಡಿ. ಸಂಭಾವನೆಯನ್ನು ವೇದಿಕೆ ಇಳಿಯುವ ಮೊದಲೇ ಕೊಡಿ.

ಯುವಕರೇ, ಈ ಕರಪತ್ರವನ್ನು ಓದಿ ಎಸೆಯಬೇಡಿ. ಕಣ್ಣು ಮಂಜಾದ ನಿಮ್ಮೂರ ಭಾಗವತರಿಗೆ ಓದಿ ಹೇಳಿ. ಬರುವ ಭಾನುವಾರ ಫೋನಿಗೆ ಪೂರ್ತಿ ಚಾರ್ಜ್ ಹಾಕಿಕೊಂಡು ಅವರ ಮನೆಗೆ ಹೋಗಿ.

ಇತಿ,
ಮೂರೂ ತಾಲೂಕಿನ ಹಿಮ್ಮೇಳಾಸಕ್ತರು