ಮಾರಾಟದ ನಂತರವೇ ವ್ಯಾಪಾರ ಆರಂಭ: ಹರೀಶ್ ಹಂದೆಯವರ ಉದ್ಯಮ ಕಲಿಸುವ ಪಾಠ

ಸೌರಶಕ್ತಿಯ ವ್ಯವಹಾರ ಇಂದು ಸಣ್ಣ ಪಟ್ಟಣಗಳ ಅಂಗಡಿಸಾಲಿಗೂ ಬಂದಿದೆ. 2024ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ಪಿ.ಎಂ. ಸೂರ್ಯಘರ್ ಯೋಜನೆಯು ಒಂದು ಕೋಟಿ ಮನೆಗಳ ಗುರಿಯನ್ನು ಇಟ್ಟುಕೊಂಡು, ಮನೆಯೊಂದಕ್ಕೆ ಗರಿಷ್ಠ 78,000 ರೂಪಾಯಿಗಳವರೆಗೆ ಸಹಾಯಧನ ಘೋಷಿಸಿದ ಮೇಲೆ ಅನೇಕ ವಿದ್ಯುತ್ ಉಪಕರಣ ವರ್ತಕರು ಈ ಕ್ಷೇತ್ರದತ್ತ ಮುಖ ಮಾಡಿದ್ದಾರೆ. ಇದು ಸ್ವಾಗತಾರ್ಹ. ಆದರೆ ಛಾವಣಿಯ ಮೇಲೆ ಫಲಕ ಕೂರಿಸಿ, ಸಹಾಯಧನದ ಕಾಗದಪತ್ರ ಮುಗಿಸಿ ಹೊರಟುಹೋದ ವರ್ತಕನನ್ನು ಐದು ವರ್ಷಗಳ ನಂತರ ಇನ್ವರ್ಟರ್ ಕೆಟ್ಟಾಗ ಗ್ರಾಹಕನು ಎಲ್ಲಿ ಹುಡುಕಬೇಕು? ಈ ಪ್ರಶ್ನೆಗೆ ಉತ್ತರವಿಲ್ಲದೆ ಬೆಳೆಯುವ ವ್ಯಾಪಾರವು ಸಹಾಯಧನ ನಿಂತ ದಿನವೇ ನಿಲ್ಲುತ್ತದೆ. ಇದೇ ಪ್ರಶ್ನೆಯನ್ನು ಮೂರು ದಶಕಗಳ ಹಿಂದೆ ಎದುರಿಸಿ, ಅದರ ಉತ್ತರವನ್ನೇ ಉದ್ಯಮವಾಗಿಸಿದವರು ಸೆಲ್ಕೊ ಸಂಸ್ಥೆಯ ಡಾ. ಹರೀಶ್ ಹಂದೆ. ಅವರ ವೃತ್ತಿಜೀವನವನ್ನು ಪ್ರಶಸ್ತಿಗಳ ದೃಷ್ಟಿಯಿಂದ ನೋಡಿದವರು ಅನೇಕರು. ವ್ಯಾಪಾರಿಯ ದೃಷ್ಟಿಯಿಂದ ನೋಡುವುದು ಈಗ ಹೆಚ್ಚು ಪ್ರಯೋಜನಕಾರಿ.

ಪ್ರಯೋಗಾಲಯದಿಂದ ಹಳ್ಳಿಗೆ

ಕರಾವಳಿ ಮೂಲದ ಹಂದೆಯವರು ಬೆಳೆದದ್ದು ಒಡಿಶಾದ ಉಕ್ಕಿನ ನಗರ ರೂರ್ಕೆಲಾದಲ್ಲಿ. ಖರಗ್‌ಪುರದ ಐಐಟಿಯಲ್ಲಿ ಶಕ್ತಿ ತಂತ್ರಜ್ಞಾನದ ವ್ಯಾಸಂಗ ಮುಗಿಸಿ, ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಲೋವೆಲ್ ಶಾಖೆಯಲ್ಲಿ ಉನ್ನತ ಅಧ್ಯಯನಕ್ಕೆ ತೊಡಗಿದರು. 1990ರ ದಶಕದ ಆರಂಭದಲ್ಲಿ ಡೊಮಿನಿಕನ್ ಗಣರಾಜ್ಯಕ್ಕೆ ಭೇಟಿಯಿತ್ತಾಗ, ಬಡ ಕುಟುಂಬಗಳು ಹಣ ಕೊಟ್ಟು ಸೌರವಿದ್ಯುತ್ ಬಳಸುತ್ತಿದ್ದುದು ಅವರ ಕಣ್ಣಿಗೆ ಬಿತ್ತು. ಬಳಿಕ ಅವರು ಶ್ರೀಲಂಕಾದ ವಿದ್ಯುತ್ತಿಲ್ಲದ ಹಳ್ಳಿಯೊಂದರಲ್ಲಿ ತಿಂಗಳುಗಟ್ಟಲೆ ನೆಲೆಸಿ, ಕತ್ತಲೆಯ ಬದುಕಿನ ಖರ್ಚುವೆಚ್ಚಗಳನ್ನು ಹತ್ತಿರದಿಂದ ಕಂಡರು. 1995ರಲ್ಲಿ ನೆವಿಲ್ ವಿಲಿಯಮ್ಸ್ ಅವರೊಡಗೂಡಿ ಬೆಂಗಳೂರಿನಲ್ಲಿ ಸೆಲ್ಕೊ ಸಂಸ್ಥೆಯನ್ನು ಸ್ಥಾಪಿಸಿದರು.

ಬಡವರಿಗೆ ಆಧುನಿಕ ತಂತ್ರಜ್ಞಾನವನ್ನು ಕೊಳ್ಳುವ ಶಕ್ತಿಯಿಲ್ಲ. ಅವರು ಅದನ್ನು ನಿಭಾಯಿಸಲಾರರು. ಅವರಿಗೆ ಸೇವೆ ಸಲ್ಲಿಸುವ ಸಂಸ್ಥೆ ವಾಣಿಜ್ಯಿಕವಾಗಿ ಬದುಕಲಾರದು - ಈ ಮೂರು ನಂಬಿಕೆಗಳು ಅಂದು ವ್ಯಾಪಾರವಲಯದಲ್ಲಿ ಪ್ರಚಲಿತವಾಗಿದ್ದವು. ಸೆಲ್ಕೊ ಈ ಮೂರನ್ನೂ ಸುಳ್ಳಾಗಿಸಲು ಹೊರಟಿತು.

ಬೆಲೆಗಿಂತ ಕಂತು ಮುಖ್ಯ

ಹಂದೆಯವರು ಉಪನ್ಯಾಸಗಳಲ್ಲಿ ಆಗಾಗ್ಗೆ ಹೇಳಿರುವ ಪ್ರಸಂಗವೊಂದಿದೆ. ಬೀದಿಬದಿ ವ್ಯಾಪಾರಿಯೊಬ್ಬರಿಗೆ ತಿಂಗಳಿಗೆ 300 ರೂಪಾಯಿ ದುಬಾರಿಯೆನಿಸಿತು. ದಿನಕ್ಕೆ 10 ರೂಪಾಯಿ ಸಲೀಸೆನಿಸಿತು. ಲೆಕ್ಕದಲ್ಲಿ ಎರಡೂ ಒಂದೇ. ಆದರೆ ಸಂಜೆಯ ಗಳಿಕೆಯಿಂದ ಸಂಜೆಯೇ ಸಂಸಾರ ತೂಗಿಸುವವರ ಪಾಲಿಗೆ ಒಂದೇ ಅಲ್ಲ. ಕರಾವಳಿಯ ವಾಣಿಜ್ಯ ಪರಂಪರೆಗೆ ಈ ಸತ್ಯ ಹೊಸದೇನಲ್ಲ. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿಯೇ ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಲ್ಲಿ ಪಿಗ್ಮಿ ಠೇವಣಿ ಸಂಗ್ರಹಿಸಲು ತೊಡಗಿತ್ತು. ಉಳಿತಾಯಕ್ಕೆ ಅನ್ವಯಿಸಿದ್ದ ಆ ವಿವೇಕವನ್ನು ಸಾಲಕ್ಕೂ ಅನ್ವಯಿಸುವಂತೆ ಬ್ಯಾಂಕುಗಳ ಮನವೊಲಿಸಿದ್ದು ಸೆಲ್ಕೊ ಮಾಡಿದ ದೊಡ್ಡ ಕೆಲಸ.

ಮಲಪ್ರಭಾ ಗ್ರಾಮೀಣ ಬ್ಯಾಂಕು ಮೊದಲು ಕೈಜೋಡಿಸಿದ ಬ್ಯಾಂಕುಗಳಲ್ಲೊಂದು. ಗ್ರಾಹಕನು ಮಾರ್ಜಿನ್ ಹಣವನ್ನು ತಾನು ತೊಡಗಿಸುವುದು, ಉಳಿದುದನ್ನು ಬ್ಯಾಂಕಿನ ಸಾಲವಾಗಿ ಪಡೆದು ಕೆಲವು ವರ್ಷಗಳಲ್ಲಿ ತೀರಿಸುವುದು - ಇದು ಕ್ರಮ. ರೈತನಿಗೆ ಸುಗ್ಗಿಯ ಕಾಲಕ್ಕೆ ಹೊಂದಿಕೊಂಡ ಕಂತು, ಬೀದಿ ವ್ಯಾಪಾರಿಗೆ ದಿನದ ಕಂತು. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ನೆರವಿನಿಂದ ಕೆನರಾ ಬ್ಯಾಂಕು ಮತ್ತು ಸಿಂಡಿಕೇಟ್ ಬ್ಯಾಂಕುಗಳು ಸೌರಸಾಲ ಯೋಜನೆಯನ್ನು ಕೈಗೆತ್ತಿಕೊಂಡವು. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ನೆರವು ದೊರೆತದ್ದು ಉಪಕರಣದ ಬೆಲೆಗಲ್ಲ, ಸಾಲದ ಬಡ್ಡಿಗೆ. ಅದನ್ನೂ ಹಂತಹಂತವಾಗಿ ಇಳಿಸಲಾಯಿತು. ಬ್ಯಾಂಕಿನ ಬಾಗಿಲು ಒಮ್ಮೆ ತೆರೆದ ಮೇಲೆ ಊರುಗೋಲು ಬೇಕಿಲ್ಲವೆಂಬ ಈ ಧೋರಣೆಯು ಇಂದಿನ ಸಹಾಯಧನ ಯೋಜನೆಗಳಿಗೂ ಮೇಲ್ಪಂಕ್ತಿಯಾಗಬಲ್ಲದು.

ಸೆಲ್ಕೊದ ಮತ್ತೊಂದು ಕ್ರಮವು ವರ್ತಕರಿಗೆ ವಿಶೇಷವಾಗಿ ಬೋಧಪ್ರದ. ಸಂತೆ, ಬಜಾರುಗಳ ತಳ್ಳುಗಾಡಿಯವರಿಗೆ ದೀಪ ಬೇಕು, ಆದರೆ ಫಲಕ ಇಡಲು ಜಾಗವಿಲ್ಲ. ಆದ್ದರಿಂದ ಸ್ಥಳೀಯ ಉದ್ಯಮಿಯೊಬ್ಬರು ಸಾಲ ಪಡೆದು ಸೌರ ಚಾರ್ಜಿಂಗ್ ಘಟಕ ಸ್ಥಾಪಿಸಿ, ಸಂಜೆ ಬ್ಯಾಟರಿ ದೀಪಗಳನ್ನು ಬಾಡಿಗೆಗೆ ಕೊಟ್ಟು, ರಾತ್ರಿ ಹಿಂಪಡೆಯುವ ಏರ್ಪಾಡಾಯಿತು. ಸೀಮೆಎಣ್ಣೆಗೆ ಹೋಗುತ್ತಿದ್ದ ಹಣವೇ ಬಾಡಿಗೆಯಾಯಿತು. ಉಪಕರಣ ಮಾರುವವನು, ಸಾಲ ಕೊಡುವ ಬ್ಯಾಂಕು, ಬಾಡಿಗೆಗೆ ಕೊಡುವ ಮಧ್ಯಸ್ಥ, ಬಳಸುವ ವ್ಯಾಪಾರಿ - ನಾಲ್ವರಿಗೂ ಲಾಭವಿದ್ದುದರಿಂದಲೇ ಏರ್ಪಾಡು ನಿಂತಿತು.

ಕಷ್ಟದ ದಿನಗಳು

ಈ ಪಯಣ ಸುಗಮವಾಗಿತ್ತೆಂದು ಭಾವಿಸಬಾರದು. 2000ದ ದಶಕದ ಮಧ್ಯಭಾಗದಲ್ಲಿ ಜರ್ಮನಿಯ ಉದಾರ ಪ್ರೋತ್ಸಾಹಕ ದರಗಳಿಂದಾಗಿ ಸೌರಫಲಕಗಳ ಬೇಡಿಕೆ ಏರಿ, ಸಿಲಿಕಾನ್ ಅಭಾವ ತಲೆದೋರಿತು. ದೂರದೇಶದ ನೀತಿಯೊಂದು ಕರ್ನಾಟಕದ ಹಳ್ಳಿಯ ದೀಪದ ಬೆಲೆಯನ್ನು ಏರಿಸಿತು. ಸೆಲ್ಕೊ ನಷ್ಟ ಅನುಭವಿಸಿತು. ತ್ವರಿತ ಲಾಭಕ್ಕೆ ಆತುರಪಡದ ಹೂಡಿಕೆದಾರರು ದೊರೆತುದರಿಂದ ಚೇತರಿಸಿಕೊಂಡಿತು. ಅಂಥ ಹೂಡಿಕೆದಾರರು ಎಲ್ಲ ಸಣ್ಣ ಉದ್ಯಮಿಗಳಿಗೂ ಸಿಗುವುದಿಲ್ಲವೆಂಬ ಆಕ್ಷೇಪಣೆ ನ್ಯಾಯವಾದುದೇ. ಆದರೆ ಸಂಕಷ್ಟದಲ್ಲಿ ಸಂಸ್ಥೆಯನ್ನು ಕಾಯ್ದದ್ದು ಬಂಡವಾಳವೊಂದೇ ಅಲ್ಲ. ತಾಲ್ಲೂಕು ಮಟ್ಟದ ಶಾಖೆಗಳು, ಕರೆದಾಗ ಬರುವ ತಂತ್ರಜ್ಞರು, ಅದರಿಂದ ಬೆಳೆದ ಬ್ಯಾಂಕುಗಳ ಭರವಸೆ. ದೀಪ ಉರಿಯುತ್ತಿದ್ದರೆ ಗ್ರಾಹಕನು ಕಂತು ಕಟ್ಟುತ್ತಾನೆ. ದೀಪ ಆರಿದರೆ ಕಂತೂ ನಿಲ್ಲುತ್ತದೆ. ಆದ್ದರಿಂದ ಮಾರಾಟೋತ್ತರ ಸೇವೆಯೇ ಸಾಲದ ನಿಜವಾದ ಭದ್ರತೆ. ಇದು ಸಣ್ಣ ವರ್ತಕನ ಕೈಯಲ್ಲೇ ಇರುವ ಬಂಡವಾಳ.

2017ರಲ್ಲಿ ಆರಂಭವಾದ ಸೌಭಾಗ್ಯ ಯೋಜನೆಯಿಂದ ದೇಶದ ಮನೆಮನೆಗೆ ವಿದ್ಯುತ್ ಸಂಪರ್ಕ ಒದಗತೊಡಗಿದಾಗ, ಸೌರ ಗೃಹದೀಪದ ಬೇಡಿಕೆಗೆ ಸಹಜವಾಗಿಯೇ ಮಿತಿ ಬಂದಿತು. ದೀಪದಾಚೆಗೆ ನೋಡಿದ ಸೆಲ್ಕೊ ಬಳಗವು ಹೊಲಿಗೆ ಯಂತ್ರ, ಕಮ್ಮಾರನ ತಿದಿ, ಕುಂಬಾರನ ಚಕ್ರ, ರೊಟ್ಟಿ ಯಂತ್ರ, ಹಾಲು ಕರೆಯುವ ಯಂತ್ರ ಮೊದಲಾದ ದುಡಿಮೆಯ ಸಾಧನಗಳಿಗೆ ಸೌರಶಕ್ತಿ ಜೋಡಿಸತೊಡಗಿತು. ದೀಪವು ಖರ್ಚನ್ನು ಉಳಿಸಿದರೆ ಯಂತ್ರವು ಆದಾಯವನ್ನೇ ತರುತ್ತದೆ. ಇಂಥ ಯಂತ್ರಗಳನ್ನು ಕಡಿಮೆ ವಿದ್ಯುತ್ತಿಗೆ ಹೊಂದುವಂತೆ ತಯಾರಿಸುವ ಕಾರ್ಯದಲ್ಲಿ ನಮ್ಮ ನಾಡಿನ ಸಣ್ಣ ಕೈಗಾರಿಕಾ ಘಟಕಗಳಿಗೆ ವಿಪುಲ ಅವಕಾಶವಿದೆ.

ಮಾರ್ಗದರ್ಶನವೆಂದರೆ ಭಾಷಣವಲ್ಲ

ಸೆಲ್ಕೊ ಸಂಸ್ಥೆಗೆ 2005 ಮತ್ತು 2007ರಲ್ಲಿ ಬ್ರಿಟನ್ನಿನ ಆಶ್ಡೆನ್ ಪ್ರಶಸ್ತಿಗಳೂ, ಹಂದೆಯವರಿಗೆ 2011ರಲ್ಲಿ ರಾಮನ್ ಮ್ಯಾಗ್ಸೆಸೆ ಪ್ರಶಸ್ತಿಯೂ ಸಂದವು. ಅಷ್ಟರಲ್ಲಾಗಲೇ, 2010ರಲ್ಲಿ, ಸೆಲ್ಕೊ ಪ್ರತಿಷ್ಠಾನ ರೂಪುಗೊಂಡಿತ್ತು. ಒಂದೇ ಕಂಪನಿಯನ್ನು ದೇಶದುದ್ದಕ್ಕೂ ಹಿಗ್ಗಿಸುವುದಕ್ಕಿಂತ, ಆಯಾ ಪ್ರದೇಶದ ಭಾಷೆ, ಬೆಳೆ, ಬ್ಯಾಂಕುಗಳನ್ನು ಬಲ್ಲ ಸ್ಥಳೀಯ ಉದ್ಯಮಿಗಳನ್ನು ತಯಾರು ಮಾಡುವುದು ಲೇಸೆಂಬ ನಿಲುವಿನಿಂದ ಹೊಸ ಉದ್ಯಮಿಗಳ ಪೋಷಣೆಗೆ ತೊಡಗಿತು. ನಾಳಿನ ಪ್ರತಿಸ್ಪರ್ಧಿಯಾಗಬಹುದಾದವನಿಗೆ ಇಂದು ಕಸುಬಿನ ಗುಟ್ಟು ಹೇಳಿಕೊಡುವ ಈ ಕ್ರಮ ವರ್ತಕರಿಗೆ ವಿಚಿತ್ರವೆನಿಸಬಹುದು. ಆದರೆ ಕಳಪೆ ಸೇವೆಯಿಂದ ಊರಿನವರು ಸೌರಶಕ್ತಿಯ ಮೇಲಿನ ನಂಬಿಕೆಯನ್ನೇ ಕಳೆದುಕೊಂಡರೆ, ಆ ಊರಿನ ಒಳ್ಳೆಯ ವರ್ತಕನಿಗೂ ಗಿರಾಕಿ ಉಳಿಯುವುದಿಲ್ಲ. ಉತ್ತಮ ಪ್ರತಿಸ್ಪರ್ಧಿಯು ಮಾರುಕಟ್ಟೆಯನ್ನು ಬೆಳೆಸುತ್ತಾನೆ. ಕೆಟ್ಟವನು ಎಲ್ಲರ ಮಾರುಕಟ್ಟೆಯನ್ನೂ ಕೆಡಿಸುತ್ತಾನೆ.

ವಾಣಿಜ್ಯ ಸಂಘಗಳು ಯುವ ಉದ್ಯಮಿಗಳಿಗಾಗಿ ವಿಚಾರ ಸಂಕಿರಣ ನಡೆಸಿ ಹಾರತುರಾಯಿ ಅರ್ಪಿಸುವುದು ವಾಡಿಕೆ. ಹೊಸಬನಿಗೆ ಬೇಕಾದುದು ಅದಕ್ಕಿಂತ ಸರಳವಾದ ಮೂರು ಸಂಗತಿಗಳು. ಮೊದಲನೆಯದು, ಹಿರಿಯ ಸದಸ್ಯರೊಬ್ಬರು ತಮ್ಮ ಬ್ಯಾಂಕಿನ ವ್ಯವಸ್ಥಾಪಕರ ಬಳಿಗೆ ಅವನನ್ನು ಖುದ್ದಾಗಿ ಕರೆದೊಯ್ಯುವುದು. ಎರಡನೆಯದು, ಒಂದೇ ತಾಲ್ಲೂಕಿನ ನಾಲ್ಕಾರು ವರ್ತಕರು ಸೇರಿ ತರಬೇತಾದ ತಂತ್ರಜ್ಞರನ್ನೂ ಬಿಡಿಭಾಗಗಳ ದಾಸ್ತಾನನ್ನೂ ಹಂಚಿಕೊಳ್ಳುವುದು. ಮೂರನೆಯದು, ಸರಕು ಕೊಂಡವರು ಸಕಾಲದಲ್ಲಿ ಹಣ ಪಾವತಿಸುವುದು. 2006ರ ಎಂಎಸ್‌ಎಂಇಡಿ ಕಾಯ್ದೆಯು ಸಣ್ಣ ಘಟಕಗಳಿಗೆ ಸಲ್ಲಬೇಕಾದ ಹಣಕ್ಕೆ ಗರಿಷ್ಠ 45 ದಿನಗಳ ಗಡುವು ವಿಧಿಸಿದೆ. ವೇದಿಕೆಯ ಮೇಲೆ ಹೊಸಬರ ಬೆನ್ನು ತಟ್ಟಿ, ಕಚೇರಿಯಲ್ಲಿ ಅವರ ಬಿಲ್ಲನ್ನು ಆರು ತಿಂಗಳು ತಡೆಹಿಡಿಯುವವರು ಮಾರ್ಗದರ್ಶಕರಾಗಲಾರರು.

ಸಹಾಯಧನದ ಕಾಲ ಎಂದಾದರೊಂದು ದಿನ ಮುಗಿಯುವುದು ಖಚಿತ. ಫಲಕಗಳಾದರೋ ಇಪ್ಪತ್ತೈದು ವರ್ಷ ಛಾವಣಿಯ ಮೇಲೆಯೇ ಇರುತ್ತವೆ. ಅವುಗಳ ಆರೈಕೆಯ ವ್ಯಾಪಾರ ಯಾರ ಪಾಲಾಗಬೇಕೆಂಬುದು ಇಂದಿನ ಸೇವೆಯಿಂದಲೇ ನಿರ್ಧಾರವಾಗಲಿದೆ. ಪ್ರತಿ ತಾಲ್ಲೂಕಿನಲ್ಲಿ ಒಬ್ಬ ಹಿರಿಯ ವರ್ತಕರು ಒಬ್ಬ ಹೊಸ ಉದ್ಯಮಿಯ ಹೊಣೆ ಹೊತ್ತು ಈ ವರ್ಷವೇ ಆರಂಭಿಸಿದಲ್ಲಿ, ಆ ವ್ಯಾಪಾರವು ಊರಿನ ಅಂಗಡಿಯಲ್ಲಿಯೇ ಉಳಿಯುವುದರಲ್ಲಿ ಸಂದೇಹವಿಲ್ಲ.