ಹಳೆಯ ಗಣಕಯಂತ್ರ: ಮೇಲ್ದರ್ಜೆಗೇರಿಸುವುದೋ, ಬದಲಿಸುವುದೋ?

ಯಂತ್ರಭಾಗಗಳ ನಕ್ಷೆ ತಯಾರಿಸುವ ಕಾರ್ಯಾಗಾರ, ಫ್ಲೆಕ್ಸ್ ಮುದ್ರಣಾಲಯ, ಆಹ್ವಾನಪತ್ರಿಕೆಗಳ ವಿನ್ಯಾಸ ಮಾಡುವ ಅಂಗಡಿ, ಮದುವೆಯ ವಿಡಿಯೋ ಸಂಕಲನ ಮಾಡುವ ಸ್ಟುಡಿಯೋ - ಇಂತಹ ಸಣ್ಣ ಉದ್ದಿಮೆಗಳಲ್ಲಿ ‘ಗೇಮಿಂಗ್ ಕಂಪ್ಯೂಟರ್’ ಎಂಬ ಹೆಸರಿನ ಯಂತ್ರವೊಂದು ಇರುವುದು ಅಪರೂಪವಲ್ಲ. ಅದನ್ನು ಕೊಂಡದ್ದು ಆಟಕ್ಕಾಗಿ ಅಲ್ಲ. ಆಟೋಕ್ಯಾಡ್, ಕೋರೆಲ್‌ಡ್ರಾ, ವಿಡಿಯೋ ಸಂಕಲನದಂತಹ ಕೆಲಸಗಳಿಗೆ ವೇಗದ ಪ್ರೊಸೆಸರ್ ಮತ್ತು ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಬೇಕು. ಮಿತದರದ ಗೇಮಿಂಗ್ ಯಂತ್ರದಲ್ಲಿ ಅವೆರಡೂ ದೊರೆಯುತ್ತವೆ. ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಮಾರುಕಟ್ಟೆಗಳಲ್ಲಿ ಬಿಡಿಭಾಗ ಜೋಡಿಸಿ ಕೊಡುವ ಇಂತಹ ಯಂತ್ರಗಳು 2016-17ರ ಸುಮಾರಿಗೆ ಧಾರಾಳವಾಗಿ ಮಾರಾಟವಾದವು. ಅವುಗಳಿಗೆ ಈಗ ಮುಪ್ಪು ಬಂದಿದೆ.

ಪ್ರಶ್ನೆಯನ್ನು ಮುಂದೂಡುವ ಕಾಲವೂ ಮುಗಿದಿದೆ. ಮೈಕ್ರೋಸಾಫ್ಟ್ ಸಂಸ್ಥೆಯು 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ನೀಡುತ್ತಿದ್ದ ಉಚಿತ ಬೆಂಬಲವನ್ನು ನಿಲ್ಲಿಸಿತು. ವಾಣಿಜ್ಯ ಸಂಸ್ಥೆಗಳು ಶುಲ್ಕ ತೆತ್ತು ಗರಿಷ್ಠ ಮೂರು ವರ್ಷ ಸುರಕ್ಷತಾ ಪರಿಷ್ಕರಣೆ ಪಡೆಯಬಹುದಾದರೂ, ಯಂತ್ರವೊಂದಕ್ಕೆ ಮೊದಲ ವರ್ಷ 61 ಡಾಲರ್ ಎಂದು ನಿಗದಿಯಾದ ಶುಲ್ಕ ಪ್ರತಿ ವರ್ಷ ಇಮ್ಮಡಿಯಾಗುತ್ತದೆ. ಮೂರು ವರ್ಷಕ್ಕೆ ಒಟ್ಟು 427 ಡಾಲರ್. ಇದು ಕಾಲಾವಕಾಶಕ್ಕೆ ತೆರುವ ಬಾಡಿಗೆಯೇ ಹೊರತು ಪರಿಹಾರವಲ್ಲ. ಬ್ಯಾಂಕ್ ವ್ಯವಹಾರ, ಜಿ.ಎಸ್.ಟಿ. ವಿವರಣಪಟ್ಟಿ, ಗ್ರಾಹಕರ ನಕ್ಷೆಗಳೆಲ್ಲವೂ ಒಂದೇ ಯಂತ್ರದಲ್ಲಿರುವ ಕಡೆ, ರಕ್ಷಣೆಯಿಲ್ಲದೆ ಅದನ್ನು ಅಂತರ್ಜಾಲಕ್ಕೆ ಜೋಡಿಸಿಡುವುದು ಅಂಗಡಿಯ ಬಾಗಿಲನ್ನು ರಾತ್ರಿಯಿಡೀ ತೆರೆದಿಟ್ಟಂತೆ.

ನಿರ್ಧಾರ ಇರುವುದು ಮದರ್‌ಬೋರ್ಡಿನಲ್ಲಿ

ಯಂತ್ರ ನಿಧಾನವಾಯಿತೆಂದು ಮೊದಲು ಗ್ರಾಫಿಕ್ಸ್ ಕಾರ್ಡನ್ನೋ ರ‍್ಯಾಮನ್ನೋ ಬದಲಿಸಲು ಹೊರಡುವುದು ಸಾಮಾನ್ಯ ತಪ್ಪು. ಮದರ್‌ಬೋರ್ಡ್ ಇನ್ನಷ್ಟು ಕಾಲ ಸೇವೆ ಸಲ್ಲಿಸಬಲ್ಲುದೇ ಎಂಬುದನ್ನು ಮೊದಲು ಪರಿಶೀಲಿಸಬೇಕು. ವಿಂಡೋಸ್ 11ಕ್ಕೆ ಟಿ.ಪಿ.ಎಂ. 2.0 ಎಂಬ ಸುರಕ್ಷತಾ ಸೌಲಭ್ಯ ಅಗತ್ಯ. ಪ್ರೊಸೆಸರ್ ಇಂಟೆಲ್‌ನದಾದರೆ ಸಾಮಾನ್ಯವಾಗಿ ಎಂಟನೆಯ ತಲೆಮಾರಿನದು, ಎ.ಎಂ.ಡಿ.ಯದಾದರೆ ರೈಜನ್ 2000 ಶ್ರೇಣಿಯದು ಅಥವಾ ಅನಂತರದ್ದಾಗಿರಬೇಕು.

2017ರ ಎರಡು ಯಂತ್ರಗಳನ್ನು ಉದಾಹರಣೆಯಾಗಿ ನೋಡಬಹುದು. ಒಂದರಲ್ಲಿ ಇಂಟೆಲ್ ಐ5-7400 ಪ್ರೊಸೆಸರ್ ಮತ್ತು ಬಿ250 ಮದರ್‌ಬೋರ್ಡ್. ಇನ್ನೊಂದರಲ್ಲಿ ರೈಜನ್ 5 1600 ಮತ್ತು ಬಿ350 ಮದರ್‌ಬೋರ್ಡ್. ಎರಡೂ ಪ್ರೊಸೆಸರ್‌ಗಳು ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ. ಆದರೆ ಅವುಗಳ ಭವಿಷ್ಯ ಒಂದೇ ಅಲ್ಲ. ಇಂಟೆಲ್ ಸಂಸ್ಥೆಯು ಎಂಟನೆಯ ತಲೆಮಾರಿಗೆ ಬೇರೆ ಮದರ್‌ಬೋರ್ಡನ್ನೇ ಕಡ್ಡಾಯಗೊಳಿಸಿದ್ದರಿಂದ ಮೊದಲನೆಯ ಯಂತ್ರದ ದಾರಿ ಅಲ್ಲಿಗೇ ಮುಗಿಯಿತು. ಎರಡನೆಯದರಲ್ಲಿ, ತಯಾರಕರು ಬಯೋಸ್ ಪರಿಷ್ಕರಣೆ ಒದಗಿಸಿದ್ದಲ್ಲಿ, 2022ರಲ್ಲಿ ಬಂದ ರೈಜನ್ 5 5600 ಪ್ರೊಸೆಸರನ್ನು ಅದೇ ಬೋರ್ಡಿನಲ್ಲಿ ಕೂರಿಸಬಹುದು. ರ‍್ಯಾಮ್, ಕ್ಯಾಬಿನೆಟ್, ಸುಸ್ಥಿತಿಯಲ್ಲಿದ್ದರೆ ಎಸ್.ಎಂ.ಪಿ.ಎಸ್., ಎಲ್ಲವೂ ಉಳಿಯುತ್ತವೆ. ಹಾರ್ಡ್‌ಡಿಸ್ಕಿನ ಬದಲಿಗೆ ಎಸ್.ಎಸ್.ಡಿ. ಅಳವಡಿಸಿದರೆ ವೇಗದ ವ್ಯತ್ಯಾಸ ಮೊದಲ ದಿನವೇ ಗೋಚರಿಸುತ್ತದೆ.

ರ‍್ಯಾಮ್ ಉಳಿಯುವುದು ಈಗ ಸಣ್ಣ ಸಂಗತಿಯಲ್ಲ. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದಾಗಿ 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ತೀವ್ರವಾಗಿ ಏರಿತು. ಮೈಕ್ರಾನ್ ಸಂಸ್ಥೆಯು ತನ್ನ ‘ಕ್ರೂಶಿಯಲ್’ ಹೆಸರಿನ ಗ್ರಾಹಕ ವಹಿವಾಟಿನಿಂದಲೇ ಹೊರನಡೆಯುವುದಾಗಿ ಆ ವರ್ಷದ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಎ.ಎಂ.ಡಿ.ಯ ಹೊಸ ಎಎಂ5 ಬೋರ್ಡುಗಳಿಗೆ ಡಿಡಿಆರ್5 ರ‍್ಯಾಮ್ ಅನಿವಾರ್ಯ. ಆದುದರಿಂದ ಕೈಯಲ್ಲಿರುವ ಡಿಡಿಆರ್4 ರ‍್ಯಾಮ್ ಉಪಯೋಗಕ್ಕೆ ಬರುವಂತಿದ್ದರೆ ಅದನ್ನು ಗುಜರಿಯ ಲೆಕ್ಕಕ್ಕೆ ಹಾಕಬಾರದು.

ಗ್ರಾಫಿಕ್ಸ್ ಕಾರ್ಡಿನ ವಿಷಯದಲ್ಲಿ ಅವಸರ ಅನಗತ್ಯ. ಜಿ.ಟಿ.ಎಕ್ಸ್. 1050 ಟಿಐ, 1060 ಮುಂತಾದ ಕಾರ್ಡುಗಳಿಗೆ ಹೊಸ ಆಟಗಳ ಡ್ರೈವರ್ ಬಿಡುಗಡೆಯನ್ನು 2025ರ ಅಕ್ಟೋಬರ್‌ಗೆ ಕೊನೆಗೊಳಿಸಿ, 2028ರ ಅಕ್ಟೋಬರ್‌ವರೆಗೆ ಸುರಕ್ಷತಾ ಪರಿಷ್ಕರಣೆ ನೀಡುವುದಾಗಿ ಎನ್‌ವಿಡಿಯಾ ಘೋಷಿಸಿದೆ. ಆಟಗಾರನಿಗೆ ಇದು ಹಿನ್ನಡೆ. ನಕ್ಷೆ ಬಿಡಿಸುವವನಿಗೆ ಇನ್ನೂ ಕೆಲವು ಕಾಲ ಸಾಕು.

ಉಳಿದ ಆಯುಸ್ಸಿನ ಲೆಕ್ಕ

ತಾಂತ್ರಿಕ ಸಾಧ್ಯತೆ ಖಚಿತವಾದ ಬಳಿಕ ಹಣದ ಲೆಕ್ಕ. ಒಟ್ಟು ಬೆಲೆಯನ್ನಲ್ಲ, ಪ್ರತಿ ವರ್ಷದ ಸೇವೆಗೆ ಬೀಳುವ ವೆಚ್ಚವನ್ನು ಹೋಲಿಸಬೇಕು. ಉದಾಹರಣೆಗೆ, ಮೇಲ್ದರ್ಜೆಗೇರಿಸಲು ರೂ. 18,000, ಹೊಸ ಯಂತ್ರಕ್ಕೆ ರೂ. 60,000 ಎಂದಿಟ್ಟುಕೊಳ್ಳೋಣ. ಹೊಸದು ಆರು ವರ್ಷ ಬಾಳಿದರೆ ವರ್ಷಕ್ಕೆ ರೂ. 10,000. ಹಳೆಯದು ಮೂರು ವರ್ಷ ಮುಂದುವರಿದರೆ ವರ್ಷಕ್ಕೆ ರೂ. 6,000. ಆದರೆ ಮದರ್‌ಬೋರ್ಡ್ ಒಂದೇ ವರ್ಷದಲ್ಲಿ ಕೈಕೊಟ್ಟರೆ ಅದೇ ರೂ. 18,000 ಪೂರ್ತಿಯಾಗಿ ಒಂದು ವರ್ಷದ ವೆಚ್ಚವಾಗುತ್ತದೆ. ಮೇಲ್ದರ್ಜೆಗೇರಿಸಿದ ಯಂತ್ರ ಎರಡು ವರ್ಷವಾದರೂ ನಡೆಯುವ ಭರವಸೆಯಿಲ್ಲದಿದ್ದರೆ ಹಳೆಯದರ ಮೇಲೆ ಹಣ ಹಾಕದಿರುವುದೇ ಲೇಸು. ಯಂತ್ರ ಕೆಟ್ಟು ನಿಂತ ದಿನಗಳಲ್ಲಿ ತಪ್ಪಿದ ಕೆಲಸವನ್ನೂ ಈ ಲೆಕ್ಕಕ್ಕೆ ಸೇರಿಸಬೇಕು.

ತೆರಿಗೆಯ ಆಕರ್ಷಣೆ

ಮಾರ್ಚ್ ತಿಂಗಳು ಬಂತೆಂದರೆ ‘ತೆರಿಗೆ ಉಳಿಯುತ್ತದೆ, ಹೊಸದನ್ನೇ ಕೊಂಡುಬಿಡಿ’ ಎಂಬ ಸಲಹೆ ಎಲ್ಲೆಡೆ ಕೇಳಿಬರುತ್ತದೆ. ಇದನ್ನು ಅಂಕಿಗಳಲ್ಲಿ ಪರೀಕ್ಷಿಸುವುದು ಒಳಿತು. ಗಣಕಯಂತ್ರದ ಸವಕಳಿ ದರ ಹಿಂದೆ ಶೇ. 60 ಇದ್ದುದು 2017ರ ಏಪ್ರಿಲ್ 1ರಿಂದ ಶೇ. 40ಕ್ಕೆ ಇಳಿಯಿತು. ಖರೀದಿಯ ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಸಿದರೆ ದೊರೆಯುವುದು ಅದರ ಅರ್ಧ. ಅಂದರೆ ಮಾರ್ಚ್‌ನಲ್ಲಿ ಕೊಂಡ ರೂ. 60,000ದ ಯಂತ್ರಕ್ಕೆ ಆ ವರ್ಷ ಸಿಗುವ ಸವಕಳಿ ರೂ. 12,000. ಶೇ. 30ರ ದರದಲ್ಲಿ ತೆರಿಗೆ ಕಟ್ಟುವವರಿಗೂ ಆ ವರ್ಷ ಉಳಿಯುವುದು, ಸೆಸ್ ಹೊರತುಪಡಿಸಿ, ರೂ. 3,600 ಮಾತ್ರ. ಅದಕ್ಕಾಗಿ ಕೈಬಿಟ್ಟು ಹೋಗುವ ದುಡಿಯುವ ಬಂಡವಾಳ ರೂ. 60,000. ವಹಿವಾಟಿನ ಮೇಲೆ ಅಂದಾಜು ಲಾಭ ಘೋಷಿಸುವ ವರ್ತಕರಿಗಂತೂ, ಸವಕಳಿ ಆ ಲಾಭದಲ್ಲೇ ಸೇರಿದೆಯೆಂದು ಕಾನೂನು ಭಾವಿಸುವುದರಿಂದ, ಪ್ರತ್ಯೇಕವಾಗಿ ಏನೂ ಉಳಿಯುವುದಿಲ್ಲ.

ದುರಸ್ತಿಗೂ ಬಂಡವಾಳ ವೆಚ್ಚಕ್ಕೂ ಇರುವ ಅಂತರವನ್ನು ಗಮನಿಸಬೇಕು. ಕೆಟ್ಟ ಎಸ್.ಎಂ.ಪಿ.ಎಸ್. ತೆಗೆದು ಅಂಥದ್ದನ್ನೇ ಹಾಕಿಸಿದರೆ ಅದು ದುರಸ್ತಿ. ವೆಚ್ಚವನ್ನು ಅದೇ ವರ್ಷ ಪೂರ್ತಿಯಾಗಿ ಕಳೆಯಬಹುದು. ಇರುವ ಆಸ್ತಿಯನ್ನು ಕಾಪಾಡಿಕೊಳ್ಳುವ ವೆಚ್ಚವಷ್ಟೇ ಚಾಲ್ತಿ ದುರಸ್ತಿ, ಹೊಸ ಆಸ್ತಿಯನ್ನೋ ಹೊಸ ಅನುಕೂಲವನ್ನೋ ತರುವ ವೆಚ್ಚ ದುರಸ್ತಿಯಲ್ಲ ಎಂಬ ತತ್ತ್ವವನ್ನು ಸರ್ವೋಚ್ಚ ನ್ಯಾಯಾಲಯವು ಶರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದ 2007ರ ತೀರ್ಪಿನಲ್ಲಿ ಎತ್ತಿಹಿಡಿದಿದೆ. ಬೋರ್ಡ್, ಪ್ರೊಸೆಸರ್, ರ‍್ಯಾಮ್ ಮೂರನ್ನೂ ಬದಲಿಸಿ ‘ರಿಪೇರಿ’ ಎಂದು ಬರೆದರೆ ಅದು ಈ ಪರೀಕ್ಷೆಯಲ್ಲಿ ನಿಲ್ಲುವುದು ಕಷ್ಟ. 1961ರ ಕಾಯಿದೆಯ ಸ್ಥಾನದಲ್ಲಿ 2025ರ ಆದಾಯ ತೆರಿಗೆ ಕಾಯಿದೆ 2026ರ ಏಪ್ರಿಲ್ 1ರಿಂದ ಅನ್ವಯಿಸುವುದರಿಂದ ಕಲಂಗಳ ಸಂಖ್ಯೆಗಳನ್ನು ಮಾತ್ರ ಹೊಸದಾಗಿ ನೋಡಿಕೊಳ್ಳಬೇಕು.

ಬಿಲ್ಲು, ನಗದು ಮತ್ತು ಮನೆಬಳಕೆ

ಬಿಡಿಭಾಗಗಳ ಮಾರುಕಟ್ಟೆಯಲ್ಲಿ ಬಿಲ್ಲಿಲ್ಲದೆ ಕೊಂಡರೆ ಒಂದಿಷ್ಟು ಅಗ್ಗ ಎಂಬ ಆಮಿಷವಿದೆ. ಗಣಕಯಂತ್ರಕ್ಕೆ ಜಿ.ಎಸ್.ಟಿ. ಶೇ. 18. ರೂ. 60,000ದ ಮೇಲೆ ರೂ. 10,800. ನೋಂದಾಯಿತ ವರ್ತಕರಿಗೆ ಸರಿಯಾದ ಬಿಲ್ಲಿದ್ದರೆ ಈ ಮೊತ್ತ ಹೂಡುವಳಿ ತೆರಿಗೆ ಜಮೆಯಾಗಿ ಮರಳುತ್ತದೆ. ಹಾಗೆ ಮರಳಿದ ಮೊತ್ತದ ಮೇಲೆ ಮತ್ತೆ ಸವಕಳಿ ಕೇಳುವಂತಿಲ್ಲ. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಈ ಜಮೆ ಇಲ್ಲ. ಅವರಿಗೆ ಯಂತ್ರದ ನಿಜವಾದ ಬೆಲೆ ರೂ. 70,800. ಒಬ್ಬ ಮಾರಾಟಗಾರನಿಗೆ ಒಂದು ದಿನದಲ್ಲಿ ರೂ. 10,000 ಮೀರಿ ನಗದು ಕೊಟ್ಟು ಕೊಂಡ ಆಸ್ತಿಯ ವೆಚ್ಚ ಸವಕಳಿಯ ಲೆಕ್ಕಕ್ಕೇ ಬರುವುದಿಲ್ಲ. ಬಿಲ್ಲಿಲ್ಲದೆ ವಾರಂಟಿಯೂ ಇಲ್ಲ. ಹೀಗಿರುವಾಗ ಅಗ್ಗವೆಂಬುದು ಬರಿಯ ಭ್ರಮೆ.

ಮಕ್ಕಳ ಆಟಕ್ಕೆಂದು ಮನೆಗೆ ಕೊಂಡೊಯ್ದ ಯಂತ್ರವನ್ನು ಸಂಸ್ಥೆಯ ಲೆಕ್ಕದಲ್ಲಿ ಬರೆಯುವ ರೂಢಿಯೂ ಕೆಲವೆಡೆ ಕಾಣುತ್ತದೆ. ವೈಯಕ್ತಿಕ ಬಳಕೆಯ ವಸ್ತುವಿಗೆ ಹೂಡುವಳಿ ತೆರಿಗೆ ಜಮೆ ನಿಷಿದ್ಧ; ಸವಕಳಿಯೂ ದೊರೆಯದು. ತೆಗೆದುಕೊಂಡ ಜಮೆಯನ್ನು ಬಡ್ಡಿಸಹಿತ ಹಿಂದಿರುಗಿಸಬೇಕಾಗಿ ಬಂದಾಗ ಉಳಿತಾಯವೇ ಹೊರೆಯಾಗುತ್ತದೆ.

ಹಳೆಯದನ್ನು ಬೀಳ್ಕೊಡುವ ಮುನ್ನ

ಬದಲಿಸಲು ನಿರ್ಧರಿಸಿದ ಮೇಲೂ ಕೆಲವು ಕರ್ತವ್ಯಗಳಿವೆ. ಜಿ.ಎಸ್.ಟಿ. ಲೆಕ್ಕಪತ್ರಗಳನ್ನು ವಾರ್ಷಿಕ ವಿವರಣಪಟ್ಟಿಯ ಕೊನೆಯ ದಿನಾಂಕದಿಂದ 72 ತಿಂಗಳು ಕಾಪಾಡಬೇಕಾದುದರಿಂದ ಹಳೆಯ ದತ್ತಾಂಶವನ್ನು ಹೊಸ ಯಂತ್ರಕ್ಕೂ ಪ್ರತ್ಯೇಕ ಡಿಸ್ಕಿಗೂ ವರ್ಗಾಯಿಸಿ, ತೆರೆದು ನೋಡಿ ಖಚಿತಪಡಿಸಿಕೊಳ್ಳಬೇಕು. ಎಕ್ಸ್‌ಚೇಂಜ್‌ನಲ್ಲಿ ಕೊಟ್ಟರೂ ಅದು ಮಾರಾಟವೇ. ಬಂದ ಮೌಲ್ಯವನ್ನು ಲೆಕ್ಕದಲ್ಲಿ ತೋರಿಸಬೇಕು. ಹಾರ್ಡ್‌ಡಿಸ್ಕನ್ನು ಸಂಪೂರ್ಣ ಅಳಿಸದೆ, ಇಲ್ಲವೇ ಕಳಚಿಟ್ಟುಕೊಳ್ಳದೆ ಯಂತ್ರವನ್ನು ಹೊರಗೆ ಕೊಡಬಾರದು. ನಿರುಪಯೋಗಿಯಾದುದನ್ನು 2022ರ ಇ-ತ್ಯಾಜ್ಯ ನಿಯಮಗಳನ್ವಯ ನೋಂದಾಯಿತ ಮರುಬಳಕೆದಾರರಿಗೆ ತಲುಪಿಸುವುದು ಯೋಗ್ಯ.

ಒಟ್ಟಿನಲ್ಲಿ, ಬೋರ್ಡಿಗೆ ಆಯುಸ್ಸಿದ್ದರೆ ಮೇಲ್ದರ್ಜೆಗೇರಿಸಬೇಕು. ಇಲ್ಲದಿದ್ದರೆ ಮೋಹವಿಲ್ಲದೆ ಬದಲಿಸಬೇಕು. ಎರಡರಲ್ಲಿ ಯಾವುದಾದರೂ ನಿರ್ಧಾರ ಹುಟ್ಟಬೇಕಾದುದು ಕೆಲಸದ ಅಗತ್ಯದಿಂದ. ತೆರಿಗೆಯ ರಿಯಾಯಿತಿ ಅಗತ್ಯದ ಖರೀದಿಯನ್ನು ಸ್ವಲ್ಪ ಹಗುರಗೊಳಿಸುತ್ತದೆಯೇ ವಿನಾ ಅನಗತ್ಯ ಖರೀದಿಯನ್ನು ಲಾಭವಾಗಿಸುವುದಿಲ್ಲ. ಮುಂದಿನ ಮಾರ್ಚ್‌ಗೆ ಕಾಯದೆ, ಅಂಗಡಿಯಲ್ಲಿರುವ ಯಂತ್ರದ ಮದರ್‌ಬೋರ್ಡಿನ ಹೆಸರನ್ನೂ ಕೊಂಡ ವರ್ಷವನ್ನೂ ಈ ತಿಂಗಳೇ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡರೆ ಅರ್ಧ ಕೆಲಸ ಮುಗಿದಂತೆ.